ಸಮುದಾಯ ಕಾಲೇಜು, ಐಟಿಐ, ಪದವಿ: ಬದಲಾದ ಕೋರ್ಸುಗಳು, ಬದಲಾದ ಅರ್ಹತೆಗಳು

ವಿಜಾಪುರ ರಸ್ತೆ, ಸೊಲ್ಲಾಪುರ: ಹತ್ತನೇ ಇಯತ್ತೆಯ ಫಲಿತಾಂಶ ಬಂದ ಮೇಲೆ ಜಿಲ್ಲೆಯ ಕನ್ನಡ ಮನೆಗಳಲ್ಲಿ ಪ್ರತಿ ವರ್ಷ ಅದೇ ಪ್ರಶ್ನೆ ಏಳುತ್ತದೆ: ಮುಂದೇನು? ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಹತ್ತರವರೆಗೆ ಕನ್ನಡದಲ್ಲೇ ಓದಲು ಅವಕಾಶವಿದೆ. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು. ಆದರೆ ಹತ್ತು ದಾಟಿದ ಕೂಡಲೇ ದಾರಿ ಮರಾಠಿ ಇಲ್ಲವೇ ಇಂಗ್ಲಿಷಿಗೆ ಹೊರಳುತ್ತದೆ. ಅದೇ ಹೊತ್ತಿಗೆ ಕೋರ್ಸುಗಳ ಹೆಸರು, ಅವಧಿ, ಪ್ರವೇಶದ ಅರ್ಹತೆ, ಅಂಕದ ಲೆಕ್ಕ ಎಲ್ಲವೂ ಕಳೆದ ಹನ್ನೆರಡು ವರ್ಷಗಳಲ್ಲಿ ಒಂದಲ್ಲ ಒಂದು ಬಾರಿ ಬದಲಾಗಿವೆ.

ಅಣ್ಣ ಓದಿದ ಕಾಲದ ನಿಯಮ ತಮ್ಮನಿಗೆ ಅನ್ವಯಿಸುವುದಿಲ್ಲ. ಹಳೆಯ ಮಾಹಿತಿ ನಂಬಿ ಅರ್ಜಿ ಹಾಕಿದರೆ ಒಂದು ವರ್ಷ ಹಾಳು. ಆದ್ದರಿಂದ ಸಮುದಾಯ ಕಾಲೇಜು, ಐಟಿಐ, ಪಾಲಿಟೆಕ್ನಿಕ್ ಮತ್ತು ಪದವಿ ಕಾಲೇಜುಗಳಲ್ಲಿ ಏನು ಬದಲಾಗಿದೆ, ಯಾರು ಬದಲಿಸುತ್ತಾರೆ, ವಿದ್ಯಾರ್ಥಿ ಏನು ನೋಡಿಕೊಳ್ಳಬೇಕು ಎಂಬ ಮಾಹಿತಿಯನ್ನು ಇಲ್ಲಿ ಒಂದೆಡೆ ಕೊಡಲಾಗಿದೆ.

ಸಮುದಾಯ ಕಾಲೇಜು ಎಂದರೇನು?

ಹೆಸರು ಅಮೆರಿಕದಿಂದ ಬಂದದ್ದು. ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಆರಂಭವಾದ ಎರಡು ವರ್ಷದ ಕಾಲೇಜನ್ನು ಈ ಬಗೆಯ ಮೊದಲ ಸರಕಾರಿ ಸಂಸ್ಥೆ ಎನ್ನುತ್ತಾರೆ. ಊರಿನ ಜನರಿಗೆ ಊರಲ್ಲೇ, ಕಡಿಮೆ ಶುಲ್ಕದಲ್ಲಿ, ಕೆಲಸಕ್ಕೆ ಬರುವ ಶಿಕ್ಷಣ ಕೊಡುವುದು ಇದರ ತಿರುಳು. ವಯಸ್ಸಿನ ಕಟ್ಟು ಇಲ್ಲ. ಕೆಲಸ ಮಾಡುತ್ತಲೇ ಓದಬಹುದು. ಮುಂದೆ ಬೇಕಾದರೆ ಅಲ್ಲಿ ಗಳಿಸಿದ ಅಂಕಗಳೊಂದಿಗೆ ಪದವಿಗೂ ಹೋಗಬಹುದು.

ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಮತ್ತು 1996ರಲ್ಲಿ ಚೆನ್ನೈನಲ್ಲಿ ಈ ಪ್ರಯೋಗ ಶುರುವಾಯಿತು. 2009ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ದೇಶದಾದ್ಯಂತ ನೂರಾರು ಸಂಸ್ಥೆಗಳನ್ನು ಸಮುದಾಯ ಕಾಲೇಜುಗಳಾಗಿ ನೋಂದಾಯಿಸಿತು. 2012ರಲ್ಲಿ ಆ ಯೋಜನೆಯನ್ನು ತಡೆಹಿಡಿಯಿತು. ಈ ಒಂದು ಘಟನೆಯಿಂದ ಪಾಲಕರು ಕಲಿಯಬೇಕಾದ ಪಾಠ ಇಷ್ಟೇ: ಕಾಲೇಜಿನ ಫಲಕ ನೋಡಿ ಪ್ರವೇಶ ಪಡೆಯಬಾರದು, ಪ್ರಮಾಣಪತ್ರ ಯಾರು ಕೊಡುತ್ತಾರೆ ಎಂದು ನೋಡಿ ಪ್ರವೇಶ ಪಡೆಯಬೇಕು.

ನಂತರ 2013ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತನ್ನದೇ ಸಮುದಾಯ ಕಾಲೇಜು ಯೋಜನೆ ತಂದಿತು. ಹೊಸ ಕಟ್ಟಡ ಕಟ್ಟುವ ಬದಲು, ಈಗಾಗಲೇ ಇರುವ ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳ ಒಳಗೇ ಇಂತಹ ಕೋರ್ಸು ನಡೆಸಲು ನೆರವು ಕೊಡಲಾಯಿತು. ಆ ನೆರವು ನಿರ್ದಿಷ್ಟ ಅವಧಿಗೆ ಮಾತ್ರ. ಅವಧಿ ಮುಗಿದ ಮೇಲೆ ಕೋರ್ಸನ್ನು ಕಾಲೇಜು ತನ್ನ ಬಲದ ಮೇಲೆ ನಡೆಸಬೇಕು. ಹಾಗಾಗಿ ಹಿಂದಿನ ವರ್ಷದ ಮಾಹಿತಿ ಪುಸ್ತಿಕೆಯಲ್ಲಿದ್ದ ಕೋರ್ಸು ಈ ವರ್ಷವೂ ಇದೆಯೇ ಎಂಬುದನ್ನು ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಅಗತ್ಯ.

ಕೋರ್ಸು, ಕ್ರೆಡಿಟ್ ಮತ್ತು ಅರ್ಹತೆ

ಯುಜಿಸಿ ಚೌಕಟ್ಟಿನಲ್ಲಿ ಕೋರ್ಸುಗಳು ಮೆಟ್ಟಿಲಿನ ಹಾಗೆ ಇವೆ.

* ಆರು ತಿಂಗಳ ಸರ್ಟಿಫಿಕೇಟ್: 30 ಕ್ರೆಡಿಟ್
* ಒಂದು ವರ್ಷದ ಡಿಪ್ಲೊಮಾ: 60 ಕ್ರೆಡಿಟ್
* ಎರಡು ವರ್ಷದ ಅಡ್ವಾನ್ಸ್‌ಡ್ ಡಿಪ್ಲೊಮಾ: 120 ಕ್ರೆಡಿಟ್
* ಮೂರು ವರ್ಷದ ಬಿ.ವೋಕ್. ಪದವಿ: 180 ಕ್ರೆಡಿಟ್

ಇದರಲ್ಲಿ ಶೇಕಡಾ 60 ಭಾಗ ಕೈಕೆಲಸದ ಕೌಶಲ, ಶೇಕಡಾ 40 ಭಾಗ ಭಾಷೆ, ಗಣಿತ, ಸಾಮಾನ್ಯ ಜ್ಞಾನದಂಥ ಸಾಮಾನ್ಯ ಶಿಕ್ಷಣ. ಒಂದು ವರ್ಷದ ಡಿಪ್ಲೊಮಾ ಎಂದರೆ 36 ಕ್ರೆಡಿಟ್ ಕೌಶಲ, 24 ಕ್ರೆಡಿಟ್ ಸಾಮಾನ್ಯ ಶಿಕ್ಷಣ. ಡಿಪ್ಲೊಮಾ ಮತ್ತು ಅದಕ್ಕೂ ಮೇಲಿನ ಕೋರ್ಸಿಗೆ ಹನ್ನೆರಡನೆಯದು ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು. ಹತ್ತನೆಯದು ಮುಗಿಸಿದವರು ಇಲ್ಲಿ ನೇರವಾಗಿ ಡಿಪ್ಲೊಮಾ ಸೇರಲು ಬರುವುದಿಲ್ಲ. ಅವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾ ಬೇರೆಯೇ ಇದೆ. ಎರಡಕ್ಕೂ ಡಿಪ್ಲೊಮಾ ಎಂದೇ ಹೆಸರಿರುವುದರಿಂದ ಗೊಂದಲ ಆಗುವುದು ಇಲ್ಲೇ.

ಕ್ರೆಡಿಟ್ ಎಂಬ ಮಾತು ಹೊಸದಾದರೂ ಲೆಕ್ಕ ಸರಳ. ಒಂದು ಅರ್ಧವರ್ಷದಲ್ಲಿ ವಾರಕ್ಕೆ ಒಂದು ತಾಸಿನಂತೆ ಸುಮಾರು 15 ತಾಸು ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಾಯೋಗಿಕ ಕೆಲಸವಾದರೆ 30 ತಾಸಿಗೆ ಒಂದು. ಪಾಸಾದ ಕ್ರೆಡಿಟ್‌ಗಳು 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ವಿದ್ಯಾರ್ಥಿಯ ಖಾತೆಗೆ ಜಮಾ ಆಗುತ್ತವೆ. ಬ್ಯಾಂಕಿನಲ್ಲಿ ಹಣ ಇಟ್ಟಂತೆ, ಓದು ಅರ್ಧಕ್ಕೆ ನಿಂತರೂ ಗಳಿಸಿದ್ದು ದಾಖಲೆಯಲ್ಲಿ ಉಳಿಯುತ್ತದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕೌಶಲ ತರಬೇತಿ ಮತ್ತು ಉನ್ನತ ಶಿಕ್ಷಣ ಮೂರನ್ನೂ ಒಂದೇ ಲೆಕ್ಕಕ್ಕೆ ತರಲು ಹೊರಟಿದೆ.

ಪಠ್ಯಕ್ರಮ ಬದಲಿಸುವವರು ಯಾರು?

ಪ್ರಾಧ್ಯಾಪಕರು ಮನಸ್ಸು ಮಾಡಿದರೆ ಪಾಠ ಬದಲಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಸೊಲ್ಲಾಪುರದ ಕಾಲೇಜುಗಳ ಮಟ್ಟಿಗೆ ಪಠ್ಯಕ್ರಮ ನಿರ್ಧರಿಸುವ ಊರೇ ಮೂರು ಬಾರಿ ಬದಲಾಗಿದೆ. 1940ರಲ್ಲಿ ದಯಾನಂದ ಕಾಲೇಜು ಆರಂಭವಾದಾಗ ಮುಂಬಯಿ ವಿಶ್ವವಿದ್ಯಾಲಯದ ಕಾಲ. 1949ರಲ್ಲಿ ಪುಣೆ ವಿಶ್ವವಿದ್ಯಾಲಯ ಬಂತು. 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಬಂತು. 2004ರಲ್ಲಿ ಸೊಲ್ಲಾಪುರಕ್ಕೇ ಸ್ವಂತ ವಿಶ್ವವಿದ್ಯಾಲಯ ಸಿಕ್ಕಿತು. ಒಂದೇ ಜಿಲ್ಲೆಯ ವ್ಯಾಪ್ತಿ ಇರುವ ಈ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರು ಇಡಲಾಯಿತು.

ಈಗ ನಡೆಯುವ ಕ್ರಮ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ 2016ರಂತೆ ಇದೆ. ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಅದು ಪಠ್ಯಕ್ರಮದ ಕರಡು ಸಿದ್ಧಪಡಿಸುತ್ತದೆ. ಕರಡು ವಿದ್ಯಾಶಾಖೆಯ ಮುಂದೆ ಹೋಗುತ್ತದೆ, ಅಲ್ಲಿಂದ ವಿದ್ಯಾ ಪರಿಷತ್ತಿನ ಮುಂದೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಮಾತ್ರ ಮುಂದಿನ ಶೈಕ್ಷಣಿಕ ವರ್ಷದಿಂದ ಜಾರಿ. ಹೊಸ ಕಾಲೇಜು ಅಥವಾ ಹೊಸ ಕೋರ್ಸು ತೆರೆಯಬೇಕಾದರೆ ಅದು ವಿಶ್ವವಿದ್ಯಾಲಯದ ಐದು ವರ್ಷದ ಬೃಹತ್ ಆರಾಖಡಾದಲ್ಲಿ, ಅಂದರೆ ದೂರದೃಷ್ಟಿ ಯೋಜನೆಯಲ್ಲಿ ಸೇರಿರಬೇಕು. ಆಮೇಲೆ ರಾಜ್ಯ ಸರಕಾರದ ಅನುಮತಿ ಬೇಕು.

ಸ್ವಾಯತ್ತ ಕಾಲೇಜುಗಳಿಗೆ ಸ್ವಲ್ಪ ಸಲೀಸು. ಸಂಗಮೇಶ್ವರ ಕಾಲೇಜಿನಂತಹ ಸ್ವಾಯತ್ತ ಸಂಸ್ಥೆಗಳು ತಮ್ಮದೇ ಅಧ್ಯಯನ ಮಂಡಳಿ ಮಾಡಿಕೊಂಡು ಪಠ್ಯಕ್ರಮ ರಚಿಸಬಹುದು, ಪರೀಕ್ಷೆಯನ್ನೂ ನಡೆಸಬಹುದು. ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಆದ್ದರಿಂದ ಒಂದೇ ಊರಿನ ಎರಡು ಕಾಲೇಜುಗಳಲ್ಲಿ ಒಂದೇ ವಿಷಯದ ಪಠ್ಯ ಬೇರೆ ಬೇರೆ ಇರಬಹುದು. ನಡುವೆ ಕಾಲೇಜು ಬದಲಿಸುವ ಮುನ್ನ ಕ್ರೆಡಿಟ್ ಹೊಂದುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಸಮುದಾಯ ಕಾಲೇಜು ಹಾಗೂ ಬಿ.ವೋಕ್. ಕೋರ್ಸುಗಳಿಗೆ ಮತ್ತೊಂದು ಕಟ್ಟಲೆ ಇದೆ. ಅಲ್ಲಿನ ಕೌಶಲ ಭಾಗವು 2013ರ ಡಿಸೆಂಬರಿನಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಹೊಂದಿರಬೇಕು ಮತ್ತು ಪಠ್ಯ ರಚನೆಯಲ್ಲಿ ಉದ್ಯಮದವರ ಪಾಲು ಇರಬೇಕು. ಸೊಲ್ಲಾಪುರದಲ್ಲಿ ಇದರ ಅರ್ಥ ಸ್ಪಷ್ಟ. ಚಾದರ, ಟವೆಲ್, ಸಮವಸ್ತ್ರ ತಯಾರಿಸುವ ಕಾರಖಾನೆಗಳು ಇಲ್ಲಿವೆ. ಅಕ್ಕಲಕೋಟೆ ರಸ್ತೆಯಲ್ಲಿ ಎಂಐಡಿಸಿ ಇದೆ. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಎನ್‌ಟಿಪಿಸಿಯ 1320 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇದೆ. ಸಕ್ಕರೆ ಕಾರಖಾನೆಗಳಿವೆ, ರೈಲ್ವೆ ವಿಭಾಗೀಯ ಕಚೇರಿ ಇದೆ. ಈ ಉದ್ಯಮಗಳಿಗೆ ಬೇಕಾದ ಕೆಲಸ ಕಲಿಸದ ಕೋರ್ಸು ಎಷ್ಟೇ ಚೆಂದದ ಹೆಸರಿನದಾದರೂ ಊರಲ್ಲಿ ಉದ್ಯೋಗ ಕೊಡಿಸುವುದು ಕಷ್ಟ.

ಐಟಿಐ: ಎಂಟನೆಯದು ಮುಗಿಸಿದವರಿಗೂ ಬಾಗಿಲು

ಸಮುದಾಯ ಕಾಲೇಜಿನ ಕೆಲಸವನ್ನು ನಮ್ಮಲ್ಲಿ ಹೆಸರಿಲ್ಲದೆ ಬಹಳ ಹಿಂದಿನಿಂದ ಮಾಡುತ್ತ ಬಂದಿರುವುದು ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐ. ವಿಜಾಪುರ ರಸ್ತೆಯಲ್ಲಿ ಸರಕಾರಿ ಐಟಿಐ ಇದೆ. ಕುಶಲಕರ್ಮಿ ತರಬೇತಿ ಯೋಜನೆ ದೇಶದಲ್ಲಿ ಶುರುವಾದದ್ದು 1950ರಲ್ಲಿ.

ಪ್ರವೇಶಕ್ಕೆ ಕನಿಷ್ಠ ವಯಸ್ಸು 14. ಗರಿಷ್ಠ ಮಿತಿ ಇಲ್ಲ. ಅರ್ಹತೆ ಟ್ರೇಡ್‌ಗೆ ತಕ್ಕಂತೆ ಬೇರೆ ಬೇರೆ. ಕೆಲವು ಉದಾಹರಣೆ:

* ವೆಲ್ಡರ್: ಎಂಟನೆಯದು ಪಾಸು, ಅವಧಿ 1 ವರ್ಷ
* ಹೊಲಿಗೆ ತಂತ್ರಜ್ಞಾನ: ಎಂಟನೆಯದು ಪಾಸು, 1 ವರ್ಷ
* ವೈರ್‌ಮನ್: ಎಂಟನೆಯದು ಪಾಸು, 2 ವರ್ಷ
* ಕಂಪ್ಯೂಟರ್ ಆಪರೇಟರ್ (ಕೋಪಾ): ಹತ್ತನೆಯದು ಪಾಸು, 1 ವರ್ಷ
* ಎಲೆಕ್ಟ್ರಿಷಿಯನ್, ಫಿಟ್ಟರ್: ವಿಜ್ಞಾನ, ಗಣಿತದೊಂದಿಗೆ ಹತ್ತನೆಯದು ಪಾಸು, 2 ವರ್ಷ

ಇವು ರಾಷ್ಟ್ರೀಯ ಪಠ್ಯಕ್ರಮದ ಅರ್ಹತೆಗಳು. ಯಾವ ಸಂಸ್ಥೆಯಲ್ಲಿ ಯಾವ ಟ್ರೇಡ್, ಎಷ್ಟು ಸೀಟು ಎಂಬುದು ಪ್ರತಿ ವರ್ಷದ ಪ್ರವೇಶ ಪುಸ್ತಿಕೆಯಲ್ಲಿ ಇರುತ್ತದೆ. ಸೌರವಿದ್ಯುತ್ ತಂತ್ರಜ್ಞ, ವಿದ್ಯುತ್ ವಾಹನ ಮೆಕ್ಯಾನಿಕ್ ಮುಂತಾದ ಹೊಸ ಟ್ರೇಡ್‌ಗಳು ರಾಷ್ಟ್ರೀಯ ಪಟ್ಟಿಗೆ ಸೇರಿವೆ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಎಲ್ಲ ಊರಲ್ಲೂ ಸಿಗುತ್ತವೆ ಎಂದಲ್ಲ.

ಐಟಿಐ ನಿಯಮಗಳು ಎಷ್ಟು ಬಾರಿ ಮಗ್ಗುಲು ಬದಲಿಸಿವೆ ಎಂಬುದಕ್ಕೆ ಪರೀಕ್ಷಾ ಪದ್ಧತಿಯೇ ಸಾಕ್ಷಿ. 2013ರಲ್ಲಿ ಸೆಮಿಸ್ಟರ್ ಪದ್ಧತಿ ತರಲಾಯಿತು. 2018ರಲ್ಲಿ ಅದನ್ನು ಕೈಬಿಟ್ಟು ಮತ್ತೆ ವಾರ್ಷಿಕ ಪದ್ಧತಿ ಮಾಡಲಾಯಿತು. 2015ರಲ್ಲಿ ಐಟಿಐಗಳ ಉಸ್ತುವಾರಿ ಕೇಂದ್ರ ಕಾರ್ಮಿಕ ಸಚಿವಾಲಯದಿಂದ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಹೋಯಿತು. ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಮಂಡಳಿ 2018ರಲ್ಲಿ ರಚನೆಯಾಗಿ 2020ರಿಂದ ಕೆಲಸ ಆರಂಭಿಸಿತು.

2022ರಲ್ಲಿ ಬಹುತೇಕ ಟ್ರೇಡ್‌ಗಳ ಪಠ್ಯಕ್ರಮ ಪರಿಷ್ಕರಣೆಯಾಯಿತು. ವರ್ಷಕ್ಕೆ 1600 ತಾಸು ಇದ್ದ ತರಬೇತಿ 1200 ತಾಸಿಗೆ ಇಳಿಯಿತು. ಒಂದು ವರ್ಷದ ಟ್ರೇಡ್‌ನಲ್ಲಿ ಸಾಮಾನ್ಯವಾಗಿ 840 ತಾಸು ಪ್ರಾಯೋಗಿಕ, 240 ತಾಸು ಸಿದ್ಧಾಂತ, 120 ತಾಸು ಉದ್ಯೋಗ ಕೌಶಲ. ಇದಲ್ಲದೆ ವರ್ಷಕ್ಕೆ 150 ತಾಸು ಕಾರಖಾನೆಯಲ್ಲಿ ಕೆಲಸದ ತರಬೇತಿ, ಅದು ಸಾಧ್ಯವಾಗದಿದ್ದರೆ ಗುಂಪು ಪ್ರಾಜೆಕ್ಟ್. ಪಾಸಾಗಲು ಪ್ರಾಯೋಗಿಕದಲ್ಲಿ ಶೇಕಡಾ 60, ಸಿದ್ಧಾಂತದಲ್ಲಿ ಶೇಕಡಾ 33 ಅಂಕ ಬೇಕು. ಸಿದ್ಧಾಂತದ ಪರೀಕ್ಷೆ ಈಗ ಕಂಪ್ಯೂಟರಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರು ಪ್ರಶ್ನೆ ಯಾವ ಯಾವ ಭಾಷೆಯಲ್ಲಿ ಸಿಗುತ್ತದೆ ಎಂದು ಪ್ರವೇಶದ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.

ಐಟಿಐ ಮುಗಿದರೆ ಓದು ಮುಗಿಯಿತು ಎಂದಲ್ಲ. ಎಂಟನೆಯದರ ಮೇಲೆ ಐಟಿಐ ಮಾಡಿದವರು ಭಾಷಾ ಪರೀಕ್ಷೆ ಮುಂತಾದವನ್ನು ಬರೆದು ಹತ್ತನೆಯದಕ್ಕೆ ಸಮನಾದ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಗಾಗಿ 2016ರಲ್ಲಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯೊಂದಿಗೆ ಒಪ್ಪಂದವಾಗಿದೆ. ಹತ್ತನೆಯದರ ಮೇಲೆ ಎರಡು ವರ್ಷದ ಐಟಿಐ ಮಾಡಿದವರಿಗೆ ಮಹಾರಾಷ್ಟ್ರದಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಎಲೆಕ್ಟ್ರಿಷಿಯನ್ ಮತ್ತು ವೈರ್‌ಮನ್ ನಡುವೆ ಆಯ್ಕೆ ಮಾಡುವವರು ಇದನ್ನು ನೆನಪಿಡಬೇಕು. ಎರಡೂ ಎರಡು ವರ್ಷದ್ದೇ. ಆದರೆ ಎಂಟನೆಯದರ ಮೇಲೆ ವೈರ್‌ಮನ್ ಸೇರಿದವನಿಗೆ ಡಿಪ್ಲೊಮಾ ದಾರಿ ತೆರೆಯಬೇಕಾದರೆ ಹತ್ತನೆಯದರ ಪ್ರಮಾಣಪತ್ರ ಬೇರೆಯಾಗಿ ಗಳಿಸಬೇಕು. ಶಾಲೆ ಬಿಡುವ ತರಾತುರಿ ಇಲ್ಲದವರು ಹತ್ತು ಮುಗಿಸಿಯೇ ಸೇರುವುದು ಮೇಲು.

ಅಪ್ರೆಂಟಿಸ್ ತರಬೇತಿಯನ್ನೂ ಮರೆಯಬಾರದು. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಮತ್ತು ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಈ ಅವಧಿಯಲ್ಲಿ ಮಾಸಿಕ ಸ್ಟೈಪೆಂಡ್ ಸಿಗುತ್ತದೆ.

ಮುಂದೆಯೂ ಬದಲಾವಣೆ ಬರಲಿದೆ. ದೇಶದ 1000 ಸರಕಾರಿ ಐಟಿಐಗಳನ್ನು ಐದು ವರ್ಷದಲ್ಲಿ ಮೇಲ್ದರ್ಜೆಗೆ ಏರಿಸುವ 60 ಸಾವಿರ ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿಗೆ ನೀಡಿದೆ.

ಪಾಲಿಟೆಕ್ನಿಕ್

ಮೂರು ವರ್ಷದ ಡಿಪ್ಲೊಮಾಕ್ಕೆ ಹತ್ತನೆಯದರಲ್ಲಿ ಕನಿಷ್ಠ ಶೇಕಡಾ 35 ಅಂಕ ಸಾಕು. ಆದರೆ ಅದು ಅರ್ಜಿ ಹಾಕುವ ಅರ್ಹತೆ ಮಾತ್ರ. ಸೀಟು ಹಂಚಿಕೆ ಮೆರಿಟ್ ಮೇಲೆ. ರಾಜ್ಯ ತಾಂತ್ರಿಕ ಶಿಕ್ಷಣ ಮಂಡಳಿ ತನ್ನ ಪಠ್ಯಕ್ರಮವನ್ನು ಅಕ್ಷರದ ಹೆಸರಿನಿಂದ ಗುರುತಿಸುತ್ತದೆ. 2017ರಲ್ಲಿ ಐ ಸ್ಕೀಮ್, 2023-24ರಿಂದ ಕೆ ಸ್ಕೀಮ್. ಹಳೆಯ ಪುಸ್ತಕ ಕಡಿಮೆ ಬೆಲೆಗೆ ಕೊಳ್ಳುವವರು ಮುಖಪುಟದಲ್ಲಿ ಯಾವ ಸ್ಕೀಮ್ ಎಂದು ನೋಡಿ ಕೊಳ್ಳಬೇಕು.

ಹನ್ನೊಂದನೇ ಇಯತ್ತೆ

2025-26ರಿಂದ ಹನ್ನೊಂದನೆಯ ಪ್ರವೇಶ ಇಡೀ ಮಹಾರಾಷ್ಟ್ರದಲ್ಲಿ ಆನ್‌ಲೈನ್ ಆಗಿದೆ. ಹಿಂದೆ ಮುಂಬಯಿ, ಪುಣೆಯಂಥ ದೊಡ್ಡ ನಗರಗಳಿಗೆ ಮಾತ್ರ ಇದ್ದ ಪದ್ಧತಿ ಇದು. ಹಳ್ಳಿಯ ವಿದ್ಯಾರ್ಥಿಗಳು ಈಗ ಕಾಲೇಜಿಗೆ ನೇರವಾಗಿ ಹೋಗಿ ಹೆಸರು ಹಚ್ಚುವ ಬದಲು ಕಾಲೇಜುಗಳ ಆದ್ಯತಾ ಪಟ್ಟಿ ತುಂಬಬೇಕು. ಕನ್ನಡವನ್ನು ಭಾಷಾ ವಿಷಯವಾಗಿ ಮುಂದುವರಿಸಬೇಕು ಎನ್ನುವವರು ಆದ್ಯತೆ ತುಂಬುವ ಮೊದಲೇ ಆ ಕಾಲೇಜಿನಲ್ಲಿ ಕನ್ನಡ ಕಲಿಸುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬೇಕು. ಸೀಟು ಖಚಿತವಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಪದವಿ: 2024-25ರಿಂದ ಹೊಸ ರಚನೆ

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರದ ಪದವಿ ರಚನೆ ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ 2023-24ರಲ್ಲಿ, ಸಂಯೋಜಿತ ಕಾಲೇಜುಗಳಲ್ಲಿ 2024-25ರಲ್ಲಿ ಜಾರಿಗೆ ಬಂತು. ಸಮುದಾಯ ಕಾಲೇಜಿನಲ್ಲಿದ್ದ ಮೆಟ್ಟಿಲು ಪದ್ಧತಿಯೇ ಈಗ ಸಾಮಾನ್ಯ ಪದವಿಗೂ ಬಂದಿದೆ.

* ಮೊದಲ ವರ್ಷ ಮುಗಿಸಿ ಬಿಟ್ಟರೆ ಸರ್ಟಿಫಿಕೇಟ್ (40ರಿಂದ 44 ಕ್ರೆಡಿಟ್)
* ಎರಡು ವರ್ಷಕ್ಕೆ ಡಿಪ್ಲೊಮಾ (80ರಿಂದ 88)
* ಮೂರು ವರ್ಷಕ್ಕೆ ಪದವಿ (120ರಿಂದ 132)
* ನಾಲ್ಕು ವರ್ಷಕ್ಕೆ ಆನರ್ಸ್ ಪದವಿ (160ರಿಂದ 176)

ಮೊದಲ ಅಥವಾ ಎರಡನೇ ವರ್ಷದ ಕೊನೆಗೆ ಬಿಡುವವರು ಸುಮ್ಮನೆ ಬಿಟ್ಟರೆ ಏನೂ ಸಿಗುವುದಿಲ್ಲ. 4 ಕ್ರೆಡಿಟ್‌ನ ಕೌಶಲ ಕೋರ್ಸು ಅಥವಾ ಇಂಟರ್ನ್‌ಶಿಪ್ ಹೆಚ್ಚುವರಿಯಾಗಿ ಮುಗಿಸಿದರೆ ಮಾತ್ರ ಪ್ರಮಾಣಪತ್ರ. ಬಿಟ್ಟವರು ಮೂರು ವರ್ಷದ ಒಳಗೆ ಮರಳಿ ಸೇರಬಹುದು. ಒಟ್ಟು ಏಳು ವರ್ಷದಲ್ಲಿ ಪದವಿ ಮುಗಿಸಬೇಕು. ಮದುವೆ, ಮನೆಯ ಅಡಚಣೆ, ಕೂಲಿಯ ಕಾರಣಕ್ಕೆ ನಡುವೆ ಓದು ಬಿಡುವ ಹೆಣ್ಣುಮಕ್ಕಳಿಗೆ ಈ ನಿಯಮ ತಿಳಿದಿರುವುದು ಬಹಳ ಮುಖ್ಯ.

ವಿಷಯಗಳ ಹಂಚಿಕೆಯೂ ಬೇರೆ. ಮೇಜರ್ ಎಂಬ ಮುಖ್ಯ ವಿಷಯ, ಮೈನರ್ ಎಂಬ ಉಪವಿಷಯ, ಬೇರೆ ವಿದ್ಯಾಶಾಖೆಯಿಂದ ಆರಿಸುವ ಮುಕ್ತ ಐಚ್ಛಿಕ, ವೃತ್ತಿ ಕೌಶಲ, ಭಾರತೀಯ ಜ್ಞಾನ ಪರಂಪರೆ, ಮೌಲ್ಯ ಶಿಕ್ಷಣ, ಕೆಲಸದ ತರಬೇತಿ, ಸಮಾಜ ಸೇವೆ ಹೀಗೆ. ಮೇಜರ್ ಮತ್ತು ಮೈನರ್ ಯಾವ ಸೆಮಿಸ್ಟರಿಗೆ ಅಂತಿಮ ಮಾಡಬೇಕು ಎಂಬುದನ್ನು ಕಾಲೇಜಿನಲ್ಲಿ ಮೊದಲೇ ತಿಳಿದುಕೊಳ್ಳಬೇಕು.

ಈ ರಚನೆಯಲ್ಲಿ ಕನ್ನಡ ಎಲ್ಲಿ?

ಸೊಲ್ಲಾಪುರಕ್ಕೂ ಕನ್ನಡಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ವಚನಕಾರ ಸಿದ್ಧರಾಮೇಶ್ವರರ ಸೊನ್ನಲಿಗೆ ಇದು. 1950ರ ಕನ್ನಡ ಸಾಹಿತ್ಯ ಸಮ್ಮೇಳನ ಎಂ.ಆರ್. ಶ್ರೀನಿವಾಸಮೂರ್ತಿ ಅವರ ಅಧ್ಯಕ್ಷತೆಯಲ್ಲಿ ಇಲ್ಲೇ ನಡೆದಿತ್ತು. ಈ ಊರಿನ ಜಯದೇವಿತಾಯಿ ಲಿಗಾಡೆ 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಹೀಗಿದ್ದರೂ ಕಾಲೇಜಿನಲ್ಲಿ ಕನ್ನಡ ಉಳಿಯುವುದು ಇತಿಹಾಸದ ಬಲದಿಂದಲ್ಲ, ಪ್ರವೇಶ ಅರ್ಜಿಯಲ್ಲಿ ಎಷ್ಟು ಮಂದಿ ಕನ್ನಡ ಎಂದು ಬರೆಯುತ್ತಾರೆ ಎಂಬ ಲೆಕ್ಕದಿಂದ. ವಿದ್ಯಾರ್ಥಿಗಳ ಸಂಖ್ಯೆ ಇಳಿದರೆ ಪಾಠದ ತಾಸು ಇಳಿಯುತ್ತದೆ. ತಾಸು ಇಳಿದರೆ, ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುವುದು ಕಷ್ಟ.

ಹೊಸ ರಚನೆಯಲ್ಲಿ ಕನ್ನಡಕ್ಕೆ ನಾಲ್ಕು ಬಾಗಿಲು ಇವೆ. ಮೊದಲನೆಯದು ಮೇಜರ್. ಎರಡನೆಯದು ಮೈನರ್, ಇತಿಹಾಸ ಅಥವಾ ಮರಾಠಿ ಮೇಜರ್ ಮಾಡುವವರು ಕನ್ನಡವನ್ನು ಮೈನರ್ ಆಗಿ ಓದಬಹುದು. ಮೂರನೆಯದು ಮುಕ್ತ ಐಚ್ಛಿಕ. ವಾಣಿಜ್ಯ, ವಿಜ್ಞಾನ ವಿದ್ಯಾರ್ಥಿಗಳಿಗೂ ಇಲ್ಲಿ ಭಾಷೆ ಕಲಿಯುವ ಅವಕಾಶ. ನಾಲ್ಕನೆಯದು ಬಹಳ ಜನರ ಗಮನಕ್ಕೆ ಬಾರದ್ದು. ಸಾಮರ್ಥ್ಯ ವರ್ಧನೆ ಎಂಬ ಹೆಸರಿನಲ್ಲಿ ಪ್ರತಿ ವಿದ್ಯಾರ್ಥಿ 8 ಕ್ರೆಡಿಟ್ ಭಾಷೆ ಓದಬೇಕು. ಅದರಲ್ಲಿ 4 ಇಂಗ್ಲಿಷ್, ಉಳಿದ 4 ಆಧುನಿಕ ಭಾರತೀಯ ಭಾಷೆ. ಕನ್ನಡವೂ ಆಧುನಿಕ ಭಾರತೀಯ ಭಾಷೆಯೇ.

ಆದರೆ ಬಾಗಿಲು ಇದ್ದ ಮಾತ್ರಕ್ಕೆ ಅದು ತೆರೆದಿದೆ ಎಂದಲ್ಲ. ಕಾಲೇಜು ಆ ವಿಷಯ ನೀಡಬೇಕು, ಕಲಿಸುವವರು ಇರಬೇಕು, ಪಠ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿರಬೇಕು. ಕೇಳುವವರು ಇಲ್ಲದಿದ್ದರೆ ಕೊಡುವವರೂ ಇರುವುದಿಲ್ಲ. ಹತ್ತರವರೆಗೆ ಕನ್ನಡದಲ್ಲೇ ಓದಿದ ವಿದ್ಯಾರ್ಥಿಗಳು ಪ್ರವೇಶದ ಸಮಯದಲ್ಲಿ ಒಟ್ಟಾಗಿ ಲಿಖಿತ ಬೇಡಿಕೆ ಕೊಟ್ಟರೆ ಪ್ರಾಚಾರ್ಯರಿಗೂ ವಿಶ್ವವಿದ್ಯಾಲಯದ ಮುಂದೆ ಇಡಲು ಒಂದು ಆಧಾರ ಸಿಗುತ್ತದೆ.

ಗಡಿ ದಾಟಿ ಓದುವವರಿಗೆ

ವಿಜಾಪುರ ರಸ್ತೆ ಭೀಮೆಯನ್ನು ದಾಟಿ ಕರ್ನಾಟಕಕ್ಕೆ ಹೋಗುತ್ತದೆ. ವಿಜಯಪುರ ಇಲ್ಲಿಂದ ಸುಮಾರು 100 ಕಿ.ಮೀ. ಇಂಡಿ, ಆಳಂದ, ಕಲಬುರಗಿಯ ಕಾಲೇಜುಗಳಿಗೂ ಇಲ್ಲಿನ ಮಕ್ಕಳು ಹೋಗುವುದುಂಟು. ಅಂಥವರು ಎರಡು ಸಂಗತಿ ಗಮನಿಸಬೇಕು.

ಒಂದು, ಎರಡೂ ರಾಜ್ಯಗಳ ಪದವಿ ರಚನೆ ಈಗ ಬೇರೆ ಬೇರೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದ ಕರ್ನಾಟಕ, 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷ ಮಹಾರಾಷ್ಟ್ರದ ಸಂಯೋಜಿತ ಕಾಲೇಜುಗಳು ಹೊಸ ನೀತಿಗೆ ಕಾಲಿಟ್ಟವು. ನಡುವಿನಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಬಯಸುವವರು ಅರ್ಹತಾ ಪ್ರಮಾಣಪತ್ರಕ್ಕಾಗಿ ವಿಶ್ವವಿದ್ಯಾಲಯವನ್ನು ಮೊದಲೇ ಸಂಪರ್ಕಿಸಬೇಕು.

ಎರಡು, ಕರ್ನಾಟಕದ ವೃತ್ತಿಪರ ಕೋರ್ಸುಗಳ ಸರಕಾರಿ ಸೀಟಿಗೆ ಗಡಿನಾಡ ಕನ್ನಡಿಗರೂ ಅರ್ಹರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗಡಹಿಂಗ್ಲಜ ತಾಲೂಕುಗಳ ಹೆಸರಿವೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರವೂ ಇವೆ. ಅಲ್ಲಿನ ನಿವಾಸಿಯಾಗಿದ್ದು, ಅಲ್ಲಿಯೇ ಓದಿ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿರಬೇಕು. ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಪಟ್ಟಿಯಲ್ಲಿ ಉತ್ತರ ಸೊಲ್ಲಾಪುರ ತಾಲೂಕಿನ ಹೆಸರಿಲ್ಲ. ಆದ್ದರಿಂದ ಹಳ್ಳಿಯ ಕಾಲೇಜು ಬಿಟ್ಟು ನಗರಕ್ಕೆ ಬಂದು ಹನ್ನೊಂದು, ಹನ್ನೆರಡು ಓದುವ ಮೊದಲು, ಮುಂದೆ ಈ ಸೌಲಭ್ಯ ಬೇಕಾಗಬಹುದೇ ಎಂದು ಯೋಚಿಸಿ ಆ ವರ್ಷದ ನಿಯಮ ಪುಸ್ತಿಕೆ ಓದಬೇಕು.

ಮುಕ್ತ ವಿಶ್ವವಿದ್ಯಾಲಯ

ಕೆಲಸ ಬಿಡಲಾಗದವರಿಗೆ ನಾಶಿಕದ ಯಶವಂತರಾವ್ ಚವಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ (ಸ್ಥಾಪನೆ 1989) ಮತ್ತು ಇಗ್ನೋ ಇವೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದ ಗಡಿಯೊಳಗೆ ಮಾತ್ರ ದೂರ ಶಿಕ್ಷಣದ ಅಧ್ಯಯನ ಕೇಂದ್ರ ನಡೆಸಬಹುದು. ಬೇರೆ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ಎಂದು ಊರಲ್ಲಿ ಯಾರಾದರೂ ಹಣ ಕಟ್ಟಿಸಿಕೊಳ್ಳುತ್ತಿದ್ದರೆ ಯುಜಿಸಿ ಪಟ್ಟಿ ನೋಡದೆ ಒಂದು ರೂಪಾಯಿಯನ್ನೂ ಕೊಡಬಾರದು.

ಸಿದ್ಧವಿರಬೇಕಾದ ಕಾಗದಪತ್ರ

ಹತ್ತನೆಯ ಅಂಕಪಟ್ಟಿ, ಶಾಲೆ ಬಿಟ್ಟ ದಾಖಲಾ, ಆಧಾರ್, ನಿವಾಸಿ (ಡೊಮಿಸೈಲ್) ಪ್ರಮಾಣಪತ್ರ, ತಹಶೀಲ್ದಾರರಿಂದ ಆದಾಯದ ದಾಖಲೆ. ಮೀಸಲಾತಿ ಇರುವವರಿಗೆ ಜಾತಿ ಪ್ರಮಾಣಪತ್ರ, ಅಗತ್ಯವಿದ್ದಲ್ಲಿ ನಾನ್ ಕ್ರೀಮಿ ಲೇಯರ್ ಮತ್ತು ಜಾತಿ ಪಡತಾಳಣೆ. ಕೊನೆಯ ಎರಡು ತಡವಾಗಿ ಸಿಗುವಂಥವು. ಫಲಿತಾಂಶಕ್ಕೆ ಕಾಯದೆ ಹತ್ತನೆಯದರಲ್ಲಿ ಇರುವಾಗಲೇ ಅರ್ಜಿ ಕೊಡುವುದು ಕ್ಷೇಮ.

ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ತೊಡಕು ಹೆಸರಿನದು. ಶಾಲೆಯ ದಾಖಲೆ ಕನ್ನಡದಲ್ಲಿ, ತಹಶೀಲ್ದಾರ್ ಕಚೇರಿಯದು ಮರಾಠಿಯಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಮೂರು ಲಿಪಿಗೆ ಹೋಗುವಾಗ ಅಡ್ಡಹೆಸರಿನ ಒಂದು ಅಕ್ಷರ ಆಚೀಚೆಯಾದರೂ ಆನ್‌ಲೈನ್ ಅರ್ಜಿ ನಿಲ್ಲಬಹುದು. ಎಲ್ಲ ದಾಖಲೆಗಳ ಹೆಸರನ್ನು ಹತ್ತನೆಯ ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಹೋಲಿಸಿ ಸರಿಪಡಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿಗೆ ಓಡಾಟ ಹೆಚ್ಚು.

ಪ್ರವೇಶಕ್ಕೆ ಮುನ್ನ ಕೇಳಬೇಕಾದ ಆರು ಪ್ರಶ್ನೆ

1. ಈ ಕೋರ್ಸಿನ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು? ವಿಶ್ವವಿದ್ಯಾಲಯವೇ, ಮಂಡಳಿಯೇ, ಬರೀ ಸಂಸ್ಥೆಯೇ?
2. ಈ ವರ್ಷಕ್ಕೆ ಅನುಮತಿ ಇದೆಯೇ? ಅನುಮತಿಯ ಪತ್ರ ತೋರಿಸುತ್ತೀರಾ?
3. ಯಾವ ವರ್ಷದ ಪಠ್ಯಕ್ರಮ? ನಡುವೆ ಬದಲಾದರೆ ಹಳೆಯ ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ಪರೀಕ್ಷೆ ಬರೆಯಲು ಅವಕಾಶ?
4. ಪಾಠ ಮತ್ತು ಪರೀಕ್ಷೆ ಯಾವ ಭಾಷೆಯಲ್ಲಿ?
5. ಕಾರಖಾನೆ ತರಬೇತಿ ಎಲ್ಲಿ, ಎಷ್ಟು ದಿನ, ಯಾರ ವ್ಯವಸ್ಥೆ?
6. ಇದು ಮುಗಿದ ಮೇಲೆ ಮುಂದಿನ ಯಾವ ಕೋರ್ಸಿಗೆ ನೇರ ಪ್ರವೇಶ ಸಿಗುತ್ತದೆ?

ಆರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಹೆಸರು ಹಚ್ಚಬಹುದು. ಸಿಗದಿದ್ದರೆ ಒಂದು ದಿನ ತಡೆದು ಮತ್ತೊಂದು ಕಡೆ ವಿಚಾರಿಸುವುದೇ ಜಾಣತನ. ಓದಿಸುವ ಹಂಬಲ ನಮ್ಮ ಹಳ್ಳಿಗಳ ತಂದೆತಾಯಿಗಳಲ್ಲಿ ಕಡಿಮೆ ಇಲ್ಲ. ಸಾಲಸೋಲ ಮಾಡಿ ಕಟ್ಟಿದ ಶುಲ್ಕ ಸರಿಯಾದ ಕೋರ್ಸಿಗೆ ಸೇರಲಿ, ಮಗುವಿನ ಒಂದು ವರ್ಷವೂ ವ್ಯರ್ಥವಾಗದಿರಲಿ. ಇಯತ್ತೆ ಹತ್ತರ ಮಕ್ಕಳಿರುವ ನೆರೆಹೊರೆಯವರಿಗೂ ಈ ಮಾಹಿತಿ ತಿಳಿಸಿ.